ದಾವಣಗೆರೆಯ ಬಿಲ್, ಕಲಬುರಗಿಯ ಗ್ರಾಹಕ: ಆನ್‌ಲೈನ್ ವ್ಯಾಪಾರಕ್ಕೆ ಇಳಿಯುವವರಿಗೆ ಕಾನೂನಿನ ಕೈಪಿಡಿ

ದಾವಣಗೆರೆಯ ಮಂಡಿಪೇಟೆಯಲ್ಲಿ ಕೈಗೆ ಸಿಗುವ ಹಳೆಯ ಬಿಲ್‌ಗಳನ್ನು ತಿರುವಿ ನೋಡಿದರೆ, ಹಲವು ಬಿಲ್‌ಗಳ ಕೆಳಭಾಗದಲ್ಲಿ ಸಣ್ಣ ಅಕ್ಷರದ ಎರಡು ಸಾಲುಗಳು ಕಾಣುತ್ತವೆ. ಒಮ್ಮೆ ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ ಎಂಬುದು ಒಂದು. ಎಲ್ಲ ವ್ಯಾಜ್ಯಗಳೂ ದಾವಣಗೆರೆ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ ಎಂಬುದು ಇನ್ನೊಂದು. ಅಂಗಡಿಗೆ ಬಂದು, ಸರಕನ್ನು ಮುಟ್ಟಿ ನೋಡಿ, ಚೌಕಾಸಿ ಮಾಡಿ ಕೊಂಡುಹೋಗುವ ಊರಿನ ಗಿರಾಕಿಯ ಜೊತೆ ಈ ಸಾಲುಗಳ ಬಲ ಪರೀಕ್ಷೆಗೆ ಬರುವುದು ಅಪರೂಪ. ಆದರೆ ಅದೇ ಅಂಗಡಿಯವರು ವಾಟ್ಸ್‌ಆಪ್‌ನಲ್ಲಿ, ಇನ್‌ಸ್ಟಾಗ್ರಾಮ್‌ನಲ್ಲಿ ಅಥವಾ ಸ್ವಂತ ಜಾಲತಾಣದಲ್ಲಿ ಆರ್ಡರ್ ಪಡೆದು ಕಲಬುರಗಿಗೋ ಪುಣೆಗೋ ಪಾರ್ಸೆಲ್ ಕಳಿಸಲು ಆರಂಭಿಸಿದ ದಿನದಿಂದ ಈ ಎರಡೂ ಸಾಲುಗಳನ್ನು ನಂಬಿ ಕೂರುವಂತಿಲ್ಲ. ದಾವಣಗೆರೆ ಮತ್ತು ಚಿತ್ರದುರ್ಗ, ನಮ್ಮ ಈ ಎರಡು ಜಿಲ್ಲೆಗಳಿಂದ ಗಾಣದ ಎಣ್ಣೆ, ಸಿರಿಧಾನ್ಯ, ಮೊಳಕಾಲ್ಮೂರಿನ ಸೀರೆ, ಸಿದ್ಧ ಉಡುಪು, ಖಾರದ ಪುಡಿ ಮಾರುವ ಮನೆಗಳು ಯಾವ ಕಾನೂನನ್ನು ಮೊದಲು ತಿಳಿದಿರಬೇಕು, ಯಾವ ಕಾಗದವನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು ಎಂಬುದನ್ನು ಕೆಲಸ ನಡೆಯುವ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ.

ಗ್ರಾಹಕ ಇರುವ ಊರೇ ವ್ಯಾಜ್ಯದ ಊರು

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಜಾರಿಗೆ ಬಂದದ್ದು 2020ರ ಜುಲೈ 20ರಂದು. ಅದರ 34ನೇ ಕಲಮಿನ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಚಳ್ಳಕೆರೆಯಿಂದ ಕಳಿಸಿದ ಎಣ್ಣೆಯ ಡಬ್ಬಿ ಕಲಬುರಗಿಯಲ್ಲಿ ಸೋರಿದ ಸ್ಥಿತಿಯಲ್ಲಿ ತಲುಪಿತು ಎನ್ನಿ. ಗ್ರಾಹಕರು ಕಲಬುರಗಿಯ ಜಿಲ್ಲಾ ಆಯೋಗಕ್ಕೆ ಹೋದರೆ, ಬಿಲ್‌ನಲ್ಲಿ ಚಿತ್ರದುರ್ಗ ನ್ಯಾಯಾಲಯ ಎಂದು ಮುದ್ರಿಸಿದ್ದೀರಿ ಎಂಬ ಒಂದೇ ಕಾರಣಕ್ಕೆ ಆ ದೂರು ಬಿದ್ದುಹೋಗುವುದಿಲ್ಲ. ಸರಕಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರುದಾರರು ಶುಲ್ಕವನ್ನೂ ಕಟ್ಟಬೇಕಿಲ್ಲ, ಆನ್‌ಲೈನ್‌ನಲ್ಲಿಯೇ ದೂರು ಸಲ್ಲಿಸಬಹುದು, ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ಆದ್ದರಿಂದ 600 ರೂಪಾಯಿಯ ಸರಕಿಗೆ ಯಾರು ಕೇಸು ಹಾಕುತ್ತಾರೆ ಎಂಬ ಲೆಕ್ಕಾಚಾರ ಸರಿಯಲ್ಲ.

ಇಬ್ಬರು ವ್ಯಾಪಾರಿಗಳ ನಡುವಿನ ಸಗಟು ವ್ಯವಹಾರದ ಮಾತು ಬೇರೆ. ಅಲ್ಲಿ ಎರಡು ಊರಿನ ನ್ಯಾಯಾಲಯಗಳಿಗೂ ವ್ಯಾಪ್ತಿ ಇರುವಾಗ ಅವುಗಳಲ್ಲಿ ಒಂದನ್ನು ಒಪ್ಪಂದದಲ್ಲಿ ಆರಿಸಿಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. ಹೀಗಾಗಿ ಆ ಹಳೆಯ ಸಾಲನ್ನು ಬಿಲ್‌ನಿಂದ ತೆಗೆಯಬೇಕಾಗಿಲ್ಲ. ಅದು ಯಾರ ಮುಂದೆ ನಿಲ್ಲುತ್ತದೆ, ಯಾರ ಮುಂದೆ ನಿಲ್ಲುವುದಿಲ್ಲ ಎಂಬುದು ಗೊತ್ತಿದ್ದರೆ ಸಾಕು.

ವಾಪಸಾತಿಯ ವಿಷಯದಲ್ಲಿ ಎರಡು ಸಂದರ್ಭಗಳನ್ನು ಬೇರ್ಪಡಿಸಿ ನೋಡಬೇಕು. ಸರಕು ಸರಿಯಾಗಿದ್ದು, ಬಣ್ಣ ಮನಸ್ಸಿಗೆ ಹಿಡಿಸಲಿಲ್ಲ ಎಂದು ಗ್ರಾಹಕರು ಹಿಂತಿರುಗಿಸಬಯಸಿದರೆ, ನೀವು ಮೊದಲೇ ಪ್ರಕಟಿಸಿರುವ ನಿಯಮದಂತೆ ನಡೆದುಕೊಳ್ಳಬಹುದು. ಆದರೆ ಸರಕು ದೋಷಪೂರಿತವಾಗಿದ್ದರೆ, ಬಿಲ್‌ನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳಲ್ಲಿ, ಅದನ್ನು ವಾಪಸು ಪಡೆದು ಹಣ ಹಿಂತಿರುಗಿಸಲು ನಿರಾಕರಿಸುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಬಿಲ್ ಕೊಡದಿರುವುದು ಕೂಡ ಅದೇ ಪಟ್ಟಿಯಲ್ಲಿದೆ. ಆನ್‌ಲೈನ್ ಮಾರಾಟಕ್ಕೆಂದೇ ಇರುವ ಇ-ವಾಣಿಜ್ಯ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಾಹೀರಾತಿನಲ್ಲಿ ಹೇಳಿದ ಗುಣ ಸರಕಿನಲ್ಲಿ ಇಲ್ಲದಿದ್ದರೂ, ಹೇಳಿದ ದಿನಕ್ಕಿಂತ ತಡವಾಗಿ ತಲುಪಿದ್ದರೂ ವಾಪಸಾತಿಯನ್ನು ನಿರಾಕರಿಸುವಂತಿಲ್ಲ ಎನ್ನುತ್ತವೆ. ನೆರೆ, ಬಂದ್ ಮುಂತಾಗಿ ಯಾರ ಕೈಯಲ್ಲೂ ಇಲ್ಲದ ಕಾರಣದಿಂದ ಆದ ವಿಳಂಬಕ್ಕೆ ಮಾತ್ರ ವಿನಾಯಿತಿ ಇದೆ. ಕೊರಿಯರ್‌ನವರು ಎಸೆದಾಡಿ ಡಬ್ಬಿ ಒಡೆದಿದ್ದರೆ ಆ ಜಗಳ ನಿಮ್ಮ ಮತ್ತು ಕೊರಿಯರ್‌ನವರ ನಡುವಿನದು. ಗ್ರಾಹಕರು ಹಣ ಕೊಟ್ಟದ್ದು ನಿಮಗೆ, ಆದ್ದರಿಂದ ಅವರಿಗೆ ಮೊದಲು ಉತ್ತರಿಸಬೇಕಾದವರು ನೀವು. ಕೊರಿಯರ್ ರಸೀದಿಯ ಹಿಂಬದಿಯಲ್ಲಿ ಪರಿಹಾರದ ಮಿತಿ ಎಷ್ಟೆಂದು ಬರೆದಿದೆಯೋ ಓದಿ, ಬೆಲೆಬಾಳುವ ಸೀರೆ ಕಳಿಸುವಾಗ ವಿಮೆ ಮಾಡಿಸುವುದು ಒಳ್ಳೆಯದು.

ಪುಟದಲ್ಲಿ ಕಾಣಲೇಬೇಕಾದ ವಿವರಗಳು

ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ಸ್ವಂತ ಜಾಲತಾಣ ಅಥವಾ ಆಪ್ ನಡೆಸುವ ಪ್ರತಿಯೊಬ್ಬ ವ್ಯಾಪಾರಿಗೂ ಅನ್ವಯಿಸುತ್ತವೆ. ಮನೆಯ ಹಳೆಯ ಸೈಕಲ್ಲನ್ನು ಒಮ್ಮೆ ಮಾರುವವರಿಗೆ ಅಲ್ಲ, ವ್ಯಾಪಾರವೆಂದು ನಿಯಮಿತವಾಗಿ ಮಾರುವವರಿಗೆ. ಸಂಸ್ಥೆಯ ಕಾನೂನುಬದ್ಧ ಹೆಸರು, ಮುಖ್ಯ ಕಚೇರಿಯ ವಿಳಾಸ, ದೂರವಾಣಿ ಮತ್ತು ಇಮೇಲ್, ಕುಂದುಕೊರತೆ ಅಧಿಕಾರಿಯ ಹೆಸರು ಹಾಗೂ ಸಂಪರ್ಕ, ತೆರಿಗೆ ಮತ್ತು ಸಾಗಣೆ ವೆಚ್ಚವನ್ನು ಬಿಡಿಸಿ ತೋರಿಸಿದ ಒಟ್ಟು ಬೆಲೆ, ವಾಪಸಾತಿ ಮತ್ತು ಹಣ ಮರುಪಾವತಿಯ ನಿಯಮ, ಸರಕು ತಯಾರಾದ ದೇಶ ಇವೆಲ್ಲ ಪುಟದಲ್ಲಿ ಇರಬೇಕು. ಕುಂದುಕೊರತೆ ಅಧಿಕಾರಿ ಎಂದ ಕೂಡಲೇ ಸಂಬಳ ಕೊಟ್ಟು ಹೊಸಬರನ್ನು ನೇಮಿಸಬೇಕೆಂದು ಹೆದರಬೇಕಿಲ್ಲ. ಸಣ್ಣ ವ್ಯಾಪಾರದಲ್ಲಿ ಮಾಲೀಕರೋ ಮನೆಯವರಲ್ಲೊಬ್ಬರೋ ಆ ಹೊಣೆ ಹೊರಬಹುದು. ಮುಖ್ಯವಾದುದು ಗಡುವು: ದೂರು ಬಂದ 48 ಗಂಟೆಗಳೊಳಗೆ ತಲುಪಿದೆ ಎಂದು ಉತ್ತರಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ನನ್ನ ಅನುಭವದಲ್ಲಿ, ಆಯೋಗದ ಮೆಟ್ಟಿಲೇರುವ ಗ್ರಾಹಕರು ಹಣ ಹೋಯಿತೆಂಬುದಕ್ಕಿಂತ, ಕರೆ ಮಾಡಿದರೂ ಯಾರೂ ಉತ್ತರಿಸಲಿಲ್ಲ ಎಂಬುದಕ್ಕೇ ಹೆಚ್ಚು ನೊಂದಿರುತ್ತಾರೆ.

ಪೊಟ್ಟಣ ಕಟ್ಟಿ ಮಾರುವ ಸರಕಿಗೆ ಕಾನೂನು ಮಾಪನಶಾಸ್ತ್ರದ, ಅಂದರೆ ತೂಕ ಮತ್ತು ಅಳತೆಗೆ ಸಂಬಂಧಿಸಿದ, 2011ರ ಪೊಟ್ಟಣ ಸರಕು ನಿಯಮಗಳೂ ಸೇರಿಕೊಳ್ಳುತ್ತವೆ. ತಯಾರಕರ ಅಥವಾ ಪ್ಯಾಕ್ ಮಾಡಿದವರ ಹೆಸರು ಮತ್ತು ವಿಳಾಸ, ಸರಕಿನ ಸಾಮಾನ್ಯ ಹೆಸರು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ ಇವು ಪೊಟ್ಟಣದ ಮೇಲಷ್ಟೇ ಇದ್ದರೆ ಸಾಲದು, ಮಾರಾಟದ ಪುಟದಲ್ಲಿಯೂ ಕಾಣಬೇಕು. ತಯಾರಾದ ತಿಂಗಳು ಮತ್ತು ವರ್ಷವನ್ನು ಮಾತ್ರ ಪುಟದಲ್ಲಿ ಹಾಕದಿದ್ದರೂ ನಡೆಯುತ್ತದೆ. ಪ್ಯಾಕ್ ಮಾಡುವವರು ಕೆಲಸ ಆರಂಭಿಸಿದ 90 ದಿನಗಳೊಳಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಆಹಾರ ಪದಾರ್ಥ ಮಾರುವುದಾದರೆ, ಮನೆಯ ಅಡುಗೆಮನೆಯಲ್ಲಿಯೇ ತಯಾರಿಸಿದರೂ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನೋಂದಣಿ ಅಥವಾ ಪರವಾನಗಿಯ 14 ಅಂಕಿಗಳ ಸಂಖ್ಯೆ ಬೇಕೇ ಬೇಕು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ನವಣೆ, ಸಾಮೆ, ಊದಲುಗಳನ್ನು ಮಾರುವಾಗ ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂದೂ, ಗಾಣದ ಎಣ್ಣೆಯ ಡಬ್ಬಿಯ ಚಿತ್ರದ ಕೆಳಗೆ ಹೃದಯಾಘಾತ ತಡೆಯುತ್ತದೆ ಎಂದೂ ಬರೆಯುವ ರೂಢಿ ಬೆಳೆದಿದೆ. ಬರೆಯುವವರು ಅದನ್ನು ನಂಬಿಯೇ ಬರೆಯುತ್ತಾರೆ ಎಂಬುದನ್ನು ನಾನು ಬಲ್ಲೆ. ಆದರೆ ಆಹಾರವು ರೋಗವನ್ನು ಗುಣಪಡಿಸುತ್ತದೆಂದು ಜಾಹೀರಾತು ಮಾಡುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸುತ್ತವೆ. ಔಷಧವೆಂದು ಮಾರಿದರೆ ಮಧುಮೇಹವೂ ಸೇರಿದಂತೆ ಕೆಲವು ಕಾಯಿಲೆಗಳ ಕುರಿತು ಅಂಥ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಅಪರಾಧವೆನ್ನುತ್ತದೆ. ಇದಲ್ಲದೆ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅದೇ ಮಾತನ್ನು ಹಣ ಪಡೆದ ರೀಲ್ಸ್ ಕಲಾವಿದರ ಬಾಯಲ್ಲಿ ಹೇಳಿಸಿದರೂ ಹೊಣೆ ತಪ್ಪುವುದಿಲ್ಲ, ಹಣ ಪಡೆದು ಹೇಳುತ್ತಿರುವುದನ್ನು ನೋಡುಗರಿಗೆ ತಿಳಿಸದಿದ್ದರೆ ಅದು ಇನ್ನೊಂದು ತಪ್ಪಾಗುತ್ತದೆ. ಧಾನ್ಯ ಯಾವ ಊರಿನ ಹೊಲದ್ದು, ಯಾವಾಗ ಕೊಯ್ಲಾಯಿತು, ಪಾಲಿಶ್ ಮಾಡಿದೆಯೇ ಇಲ್ಲವೇ ಎಂಬುದನ್ನು ನಿಜವಾಗಿ ಬರೆದರೆ, ಕೊಳ್ಳುವವರಿಗೆ ಅಷ್ಟು ಸಾಕಾಗುತ್ತದೆ.

ಎರಡೇ ಸೀರೆ ಉಳಿದಿವೆ ಎಂದು ಗೋದಾಮಿನಲ್ಲಿ ಐವತ್ತು ಇರುವಾಗ ಬರೆಯುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಹಂತದಲ್ಲಿ ಮಾತ್ರ ಹೆಚ್ಚುವರಿ ಶುಲ್ಕ ತೋರಿಸುವುದು ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಅದೇ ಕೇಂದ್ರ ಪ್ರಾಧಿಕಾರದ 2023ರ ನವೆಂಬರ್ 30ರ ಮಾರ್ಗಸೂಚಿಗಳು ಹೆಸರಿಸಿ ನಿಷೇಧಿಸಿವೆ. ಜಾಲತಾಣ ಮಾಡಿಕೊಡುವ ಹುಡುಗರು ಇವನ್ನು ಸಿದ್ಧ ಸವಲತ್ತುಗಳೆಂದು ತೋರಿಸಿದರೆ ಬೇಡವೆನ್ನಿ.

ಜಿಎಸ್‌ಟಿ: 40 ಲಕ್ಷದ ಮಿತಿ ಎಲ್ಲರಿಗೂ ಇಲ್ಲ

ಸರಕು ಮಾರುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವಾರ್ಷಿಕ 40 ಲಕ್ಷ ರೂಪಾಯಿ, ಸೇವೆ ನೀಡುವವರಿಗೆ 20 ಲಕ್ಷ ಎಂಬುದು ಬಹಳ ಜನರಿಗೆ ಗೊತ್ತಿದೆ. ಆದರೆ ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸುವವರಿಗೆ ಈ ಮಿತಿಯ ರಕ್ಷಣೆ ಸಿಗುವುದಿಲ್ಲ ಎಂಬುದು ಆನ್‌ಲೈನ್ ವ್ಯಾಪಾರಿಗಳು ಹೆಚ್ಚಾಗಿ ಎಡವುವ ಜಾಗ. ದಾವಣಗೆರೆಯಿಂದ ಹುಬ್ಬಳ್ಳಿಗೆ ಉಡುಪು ಕಳಿಸಿದರೆ ಒಂದು ನಿಯಮ, ಸೊಲ್ಲಾಪುರಕ್ಕೆ ಕಳಿಸಿದರೆ ಇನ್ನೊಂದು. ಎರಡನೆಯದಕ್ಕೆ ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಕಡ್ಡಾಯ. ಅಧಿಸೂಚಿತ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಮಾತ್ರ 20 ಲಕ್ಷದವರೆಗೆ ವಿನಾಯಿತಿ ಇದೆ, ನಿಮ್ಮ ಸರಕು ಆ ಪಟ್ಟಿಯಲ್ಲಿದೆಯೇ ಎಂದು ಆಡಿಟರ್ ಬಳಿ ಖಚಿತಪಡಿಸಿಕೊಳ್ಳಿ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ತರಹದ ತಾಣಗಳ ಮೂಲಕ ಮಾರುವವರಿಗೆ ಮೊದಲು ನೋಂದಣಿ ಎಲ್ಲ ಸಂದರ್ಭದಲ್ಲಿಯೂ ಬೇಕಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿನ ವಹಿವಾಟಿನ, ತಮ್ಮ ರಾಜ್ಯದೊಳಗಷ್ಟೇ ಸರಕು ಮಾರುವ ಸಣ್ಣವರು ಪ್ಯಾನ್ ಆಧಾರದ ಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದು ವ್ಯಾಪಾರ ಮಾಡಬಹುದು.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಅಂಕಿಗಳನ್ನು ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾರುವವರೂ ಕಂಗಾಲಾದದ್ದು ನಮಗೆಲ್ಲ ನೆನಪಿದೆ. ಅಂಥ ನೋಟಿಸಿಗೆ ಉತ್ತರಿಸುವಾಗ ನಿಜವಾದ ಕಷ್ಟ ಎದುರಾಗುವುದು ಕೈಸಾಲ, ನೆಂಟರು ಕಳಿಸಿದ ಹಣ, ಮಗಳ ಕಾಲೇಜು ಶುಲ್ಕ, ವ್ಯಾಪಾರದ ಹಣ ಎಲ್ಲವೂ ಒಂದೇ ಖಾತೆಯಲ್ಲಿ ಕಲಸಿಹೋಗಿರುವಾಗ. ಮೊದಲ ಆರ್ಡರ್‌ಗೂ ಮುನ್ನ ವ್ಯಾಪಾರಕ್ಕೆಂದೇ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಕೋಡ್ ಮಾಡಿಸಿಕೊಳ್ಳಿ.

ಹೆಸರು ಯಾರದು, ಚಿತ್ರ ಯಾರದು

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ (ಜಿಐ), ಅಂದರೆ ಆ ಹೆಸರು ಆ ಪ್ರದೇಶದ ಸರಕಿಗಷ್ಟೇ ಸಲ್ಲುತ್ತದೆ ಎಂಬ ನೋಂದಣಿ ಇದೆ. ಬೇರೆಡೆ ಯಂತ್ರಮಗ್ಗದಲ್ಲಿ ನೇಯ್ದ ಸೀರೆಗೆ ಆ ಹೆಸರಿಟ್ಟು ಮಾರುವುದು ಗ್ರಾಹಕರಿಗೆ ಮಾಡುವ ಮೋಸ ಮಾತ್ರವಲ್ಲ, 1999ರ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ. ಮಗ್ಗದ ಮುಂದೆ ದಿನವಿಡೀ ಕೂತು ನೇಯುವವರ ಅನ್ನದ ಪ್ರಶ್ನೆ ಇದಾದ್ದರಿಂದ, ಆ ಹೆಸರನ್ನು ಬಳಸುವ ಮುನ್ನ ಸೀರೆ ಯಾರ ಮಗ್ಗದಿಂದ ಬಂತು ಎಂಬ ದಾಖಲೆ ಇಟ್ಟುಕೊಳ್ಳಿ. ನೇಕಾರರು ತಾವೇ ಮಾರುವುದಾದರೆ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬಹುದು.

ಸ್ವಂತ ಬ್ರ್ಯಾಂಡ್ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಸಲ್ಲಿಸುವಾಗ ಊರು ಮತ್ತು ಸರಕಿನ ಹೆಸರನ್ನಷ್ಟೇ ಜೋಡಿಸಿದರೆ ಪ್ರಯೋಜನವಿಲ್ಲ. ದಾವಣಗೆರೆ ಮಂಡಕ್ಕಿ ಎಂಬುದು ಭಟ್ಟಿ ಇರುವ ಪ್ರತಿಯೊಬ್ಬರ ಮಾತು. ಅದನ್ನು ಒಬ್ಬರ ಸ್ವತ್ತಾಗಿಸಲು ಕಾನೂನು ಸುಲಭವಾಗಿ ಒಪ್ಪುವುದಿಲ್ಲ. ಬೇರೆಯವರಲ್ಲಿ ಇಲ್ಲದ ಒಂದು ಪದ ಜೊತೆಗಿರಲಿ. ನೋಂದಣಿ 10 ವರ್ಷ ಇರುತ್ತದೆ, ಮತ್ತೆ ನವೀಕರಿಸಬಹುದು. ಪಾಲುದಾರರಿದ್ದರೆ ಜಾಲತಾಣದ ಹೆಸರು, ಇನ್‌ಸ್ಟಾಗ್ರಾಮ್ ಖಾತೆ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಯಾರ ಹೆಸರಿನಲ್ಲಿವೆ, ಪಾಲು ಒಡೆದರೆ ಯಾರಿಗೆ ಉಳಿಯುತ್ತವೆ ಎಂಬುದನ್ನು ಪಾಲುದಾರಿಕೆ ಪತ್ರದಲ್ಲಿಯೇ ಬರೆಸಿ. ಅಣ್ಣತಮ್ಮಂದಿರ ನಡುವೆಯೂ ಇದನ್ನು ಬರೆಸಬೇಕು ಎಂದು ನಾನು ಒತ್ತಾಯಿಸುತ್ತೇನೆ.

ಸ್ಪರ್ಧಿಯ ಪುಟದ ಚಿತ್ರ ಇಳಿಸಿಕೊಂಡು ಹಾಕುವುದು ಕೃತಿಸ್ವಾಮ್ಯದ ಉಲ್ಲಂಘನೆ. ಹಣ ಕೊಟ್ಟು ಸ್ಟುಡಿಯೋದವರಿಂದ ತೆಗೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ. ಆದರೂ ಬಿಲ್‌ನಲ್ಲಿ ಒಂದು ಸಾಲು ಬರೆಸಿಕೊಂಡರೆ ಮುಂದೆ ತಕರಾರು ಬರುವುದಿಲ್ಲ. ಸೀರೆಯುಟ್ಟ ಗ್ರಾಹಕಿಯ ಚಿತ್ರವನ್ನು ಅವರನ್ನು ಕೇಳದೆ ಹಾಕಬೇಡಿ, ಅವರು ಒಪ್ಪಿದ ಸಂದೇಶವನ್ನು ಉಳಿಸಿಟ್ಟುಕೊಳ್ಳಿ.

ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್‌ಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ವ್ಯಾಪಾರಿಗಳ ಮುಖ್ಯ ಹೊಣೆಗಳು 18 ತಿಂಗಳ ನಂತರ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಯಾವ ಮಾಹಿತಿಯನ್ನು ಯಾಕೆ ಪಡೆಯುತ್ತಿದ್ದೀರಿ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಆ ಸೂಚನೆಯನ್ನು ಕನ್ನಡದಲ್ಲಿ ಓದುವ ಅವಕಾಶವೂ ಗ್ರಾಹಕರಿಗೆ ಇರಬೇಕು. ಸದ್ಯಕ್ಕೆ ಮಾಡಬೇಕಾದ ಸಣ್ಣ ಕೆಲಸ ಒಂದಿದೆ: ಎಲ್ಲ ಗ್ರಾಹಕರನ್ನೂ ಒಂದೇ ವಾಟ್ಸ್‌ಆಪ್ ಗುಂಪಿಗೆ ಸೇರಿಸಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವಂತೆ ಮಾಡುವ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿ.

ದೊಡ್ಡ ತಾಣಗಳ ಜೊತೆಗಿನ ಒಪ್ಪಂದ

ಮಾರಾಟಗಾರರಾಗಿ ಸೇರುವಾಗ ಒತ್ತುವ ಒಪ್ಪಿಗೆಯ ಗುಂಡಿ ಸಹಿಗೆ ಸಮಾನ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗುವುದಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 10ಎ ಕಲಮು ಹೇಳುತ್ತದೆ. ಕಮಿಷನ್ ಬದಲಾಯಿಸುವ ಹಕ್ಕು ಯಾರಿಗಿದೆ, ವಾಪಸು ಬಂದ ಸರಕಿನ ಸಾಗಣೆ ವೆಚ್ಚ ಯಾರದು, ದಂಡ ಯಾವಾಗ ಬೀಳುತ್ತದೆ, ವ್ಯಾಜ್ಯವಾದರೆ ಮಧ್ಯಸ್ಥಿಕೆ ಯಾವ ಊರಿನಲ್ಲಿ ಎಂಬ ನಾಲ್ಕು ಷರತ್ತುಗಳನ್ನಾದರೂ ಓದಿ, ಅಂದಿನ ಪ್ರತಿಯನ್ನು ಇಳಿಸಿ ಇಟ್ಟುಕೊಳ್ಳಿ, ಏಕೆಂದರೆ ಆ ಪುಟ ಮುಂದಿನ ವರ್ಷ ಹಾಗೆಯೇ ಇರುವುದಿಲ್ಲ. ಬದಲಾದ ಸರಕು ವಾಪಸು ಬರುವುದನ್ನು ಸಾಬೀತುಪಡಿಸಲು, ಪಾರ್ಸೆಲ್ ಕಟ್ಟುವಾಗ ಮತ್ತು ವಾಪಸು ಬಂದದ್ದನ್ನು ಬಿಚ್ಚುವಾಗ ವಿಳಾಸದ ಚೀಟಿ ಕಾಣುವಂತೆ ವಿಡಿಯೋ ಮಾಡುವುದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ.

ಸ್ವತಃ ತಯಾರಿಸಿ ಸಗಟಾಗಿ ಮಾರುವವರು ಸಣ್ಣ ಉದ್ಯಮಗಳಿಗೆಂದೇ ಇರುವ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ, ಕೊಂಡವರು ಗರಿಷ್ಠ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು ಎಂಬ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ರಕ್ಷಣೆ ಸಿಗುತ್ತದೆ. ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಸಿಕ್ಕರೂ ಈ ರಕ್ಷಣೆ ಸಿಗುವುದಿಲ್ಲ.

ಖಾತೆಗೆ ತಡೆ ಬಿದ್ದಾಗ

ಒಂದು ಬೆಳಿಗ್ಗೆ ಯಾರೂ ಹೇಳದೆ ಕೇಳದೆ ಬ್ಯಾಂಕ್ ಖಾತೆಗೆ ತಡೆ ಬೀಳುತ್ತದೆ. ಎಲ್ಲೋ ದೂರದ ರಾಜ್ಯದಲ್ಲಿ ಯಾರನ್ನೋ ವಂಚಿಸಿದವರು ಆ ಹಣದಲ್ಲಿಯೇ ನಿಮ್ಮಿಂದ 1,200 ರೂಪಾಯಿಯ ಸರಕು ಕೊಂಡಿರುತ್ತಾರೆ, ಹಣದ ಜಾಡು ಹಿಡಿದ ಪೊಲೀಸರ ಕೋರಿಕೆಯಂತೆ ನಿಮ್ಮ ಇಡೀ ಖಾತೆ ನಿಂತುಹೋಗಿರುತ್ತದೆ. ನಿರಪರಾಧಿ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿಲ್ಲ. ಕೂಲಿಯವರ ಸಂಬಳವನ್ನೂ ಕೊಡಲಾಗದೆ ಅಳುಕುತ್ತಾ ಕೂತವರನ್ನು ನಾನು ನೋಡಿದ್ದೇನೆ.

ಮೊದಲು ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು, ಯಾವ ರಾಜ್ಯದ ಯಾವ ಠಾಣೆ, ದೂರಿನ ಸ್ವೀಕೃತಿ ಸಂಖ್ಯೆ ಏನು, ವಿವಾದದ ಮೊತ್ತ ಎಷ್ಟು ಎಂಬ ಮೂರು ವಿವರಗಳನ್ನು ಬರಹದಲ್ಲಿ ಪಡೆಯಿರಿ. ಬಳಿಕ ಆ ಪಾವತಿಗೆ ಸಂಬಂಧಿಸಿದ ಬಿಲ್, ಆರ್ಡರ್ ಸಂದೇಶ, ಕೊರಿಯರ್ ರಸೀದಿ, ತಲುಪಿದ ದಾಖಲೆ, ಜಿಎಸ್‌ಟಿ ಅಥವಾ ಉದ್ಯಮ್ ಪ್ರಮಾಣಪತ್ರ ಇಷ್ಟನ್ನೂ ಸೇರಿಸಿ ಆ ತನಿಖಾಧಿಕಾರಿಗೆ ಇಮೇಲ್ ಮತ್ತು ನೋಂದಾಯಿತ ಅಂಚೆ ಎರಡರಲ್ಲಿಯೂ ಕಳಿಸಿ, ತಡೆಯನ್ನು ವಿವಾದದ ಮೊತ್ತಕ್ಕಷ್ಟೇ ಸೀಮಿತಗೊಳಿಸಿ ಉಳಿದ ಹಣ ಬಿಡುವಂತೆ ಕೇಳಿ. ಹೆಚ್ಚಿನ ಪ್ರಕರಣಗಳಲ್ಲಿ ಇದು ಒಪ್ಪತಕ್ಕ ಕೋರಿಕೆಯೇ. ಅವರು ಸ್ಪಂದಿಸದಿದ್ದರೆ ಆ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನಡಿ ಅರ್ಜಿ ಹಾಕಬಹುದು, ಹೈಕೋರ್ಟಿಗೆ ರಿಟ್ ಹೋಗುವ ದಾರಿಯೂ ಇದೆ. ಖಾತೆ ಬಿಡಿಸಿಕೊಡುತ್ತೇನೆಂದು ಫೋನಿನಲ್ಲಿ ಹಣ ಕೇಳುವವರನ್ನು ನಂಬಬೇಡಿ. ನೀವೇ ವಂಚನೆಗೆ ಒಳಗಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ದಾವಣಗೆರೆ ಮತ್ತು ಚಿತ್ರದುರ್ಗ ಎರಡರಲ್ಲಿಯೂ ಇರುವ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ.

ನೋಟಿಸ್ ಬಂದ ದಿನದಿಂದ

ವಕೀಲರ ನೋಟಿಸ್ ಬಂದಾಕ್ಷಣ ಕೇಸು ಆಯಿತೆಂದಲ್ಲ. ಆದರೂ ಅದರಲ್ಲಿ ಹೇಳಿದ ಅವಧಿಯೊಳಗೆ ಉತ್ತರ ಕೊಡಿ, ತಪ್ಪು ನಿಮ್ಮದಾಗಿದ್ದರೆ ಆ ಹಂತದಲ್ಲಿಯೇ ಹಣ ಹಿಂತಿರುಗಿಸಿ ಮುಗಿಸಿಕೊಳ್ಳಿ. ಗ್ರಾಹಕ ಆಯೋಗದ ನೋಟಿಸಿಗಂತೂ ಗಡುವು ಕಠಿಣ. ದೂರಿನ ಪ್ರತಿಯೊಂದಿಗೆ ನೋಟಿಸ್ ತಲುಪಿದ 30 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು, ಅದರಾಚೆಗೆ ಒಂದು ದಿನವನ್ನೂ ಕೊಡುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ನೀಡಿದೆ. ದೂರದ ಊರಿಗೆ ಓಡಾಡುವ ಖರ್ಚಿಗೆ ಅಂಜಿ ಸುಮ್ಮನಾಗಬೇಡಿ. ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಅರ್ಜಿ ಹಾಕಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು, ಸಹಾಯವಾಣಿ 15100.

ಸಾಕ್ಷ್ಯದ ವಿಷಯದಲ್ಲಿ ಸ್ಕ್ರೀನ್‌ಶಾಟ್‌ನ ಮುದ್ರಿತ ಪ್ರತಿಯೊಂದನ್ನೇ ನೆಚ್ಚಿಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಫೋನ್ ಅಥವಾ ಕಂಪ್ಯೂಟರಿನ ದಾಖಲೆಯ ಪ್ರತಿಯನ್ನು ನ್ಯಾಯಾಲಯದ ಮುಂದಿಡುವಾಗ ಎರಡು ಭಾಗಗಳ ಪ್ರಮಾಣಪತ್ರ ಬೇಕು; ಒಂದಕ್ಕೆ ಸಾಧನದ ಉಸ್ತುವಾರಿ ಹೊಂದಿರುವವರು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು. ಆದ್ದರಿಂದ ವ್ಯಾಜ್ಯದ ಸುಳಿವು ಸಿಕ್ಕ ಕೂಡಲೇ ಆ ಸಂಭಾಷಣೆಯನ್ನು ಅಳಿಸದೆ, ಅದರಲ್ಲಿರುವ ಧ್ವನಿ ಸಂದೇಶಗಳ ಸಮೇತ ಬೇರೆಡೆ ನಕಲು ಮಾಡಿ, ಆ ಫೋನನ್ನು ಮಾರದೆ ಇಟ್ಟುಕೊಳ್ಳಿ. ಗ್ರಾಹಕರು ದೂರು ಸಲ್ಲಿಸಲು ಎರಡು ವರ್ಷದ ಅವಕಾಶ ಇರುವುದರಿಂದ ಆರ್ಡರ್ ಸಂದೇಶ ಮತ್ತು ಕೊರಿಯರ್ ರಸೀದಿಗಳನ್ನು ಕನಿಷ್ಠ ಅಷ್ಟು ಕಾಲ ಉಳಿಸಬೇಕು. ಜಿಎಸ್‌ಟಿ ನೋಂದಣಿ ಇದ್ದರೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟಿರಬೇಕು.